ಅರುಂಧತಿಗೆ ಬೇಕಾದಷ್ಟು ಕತ್ತಲೆ

ಕೃಷ್ಣಮೂರ್ತಿಪುರಂನ ಸುಂದರೇಶನಿಗೆ ಕತ್ತಲೆಯೆಂದರೆ ಭಯ ಎಂಬ ಸಂಗತಿ ಅವನ ಹೆಂಡತಿ ಶಾರದೆಯನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. ಐವತ್ತು ದಾಟಿದ, ಸಹಕಾರ ಬ್ಯಾಂಕೊಂದರಲ್ಲಿ ಹೆಡ್ ಕ್ಲರ್ಕ್ ಆಗಿರುವ, ಮೀಸೆಗೆ ತಪ್ಪದೆ ಬಣ್ಣ ಹಚ್ಚುವ ಮನುಷ್ಯ ಮಲಗುವ ಕೋಣೆಯಲ್ಲಿ ಜೀರೋ ಬಲ್ಬು ಉರಿಯದಿದ್ದರೆ ಕಣ್ಣು ಮುಚ್ಚುವುದಿಲ್ಲವೆಂದು ಯಾರು ತಾನೇ ಊಹಿಸಿಯಾರು? ಕರೆಂಟು ಹೋದರೆ ಅವನು ಕೂತಲ್ಲಿಂದಲೇ ಹೆಂಡತಿಯನ್ನು ಕೂಗಿ, ಎಲ್ಲಿದ್ದೀಯ, ಏನು ಮಾಡುತ್ತಿದ್ದೀಯ, ಸಾರಿಗೆ ಏನು ಹಾಕಿದೆ ಎಂದು ಕರೆಂಟು ಬರುವವರೆಗೂ ವಿಚಾರಿಸುತ್ತಲೇ ಇರುತ್ತಿದ್ದ. ಅಕ್ಕಪಕ್ಕದವರು ಅದನ್ನು ಪ್ರೀತಿ ಎಂದುಕೊಂಡಿದ್ದರು.

ಇಂಥವನು ಮೈಸೂರಿನ ಸುತ್ತಮುತ್ತ ಒಳ್ಳೆಯ ಗಾಢವಾದ ಕತ್ತಲೆ ಎಲ್ಲಿ ಸಿಗುತ್ತದೆಂದು ಹುಡುಕಿಕೊಂಡು ಹೊರಡಬೇಕಾಗಿ ಬಂದದ್ದಕ್ಕೆ ಅವನ ಬಾಯೇ ಕಾರಣ.

ಶಾರದೆಯ ಅಣ್ಣ ಹಾಸನದವರು. ಅವರ ಮಗಳು ಲಹರಿಯ ಮದುವೆ ಮೈಸೂರಿನ ಹುಡುಗ ಅಭಿನವನ ಜೊತೆ ಸರಸ್ವತಿಪುರಂನ ಛತ್ರವೊಂದರಲ್ಲಿ ನಡೆಯಿತು. ಸಪ್ತಪದಿ ಮುಗಿದ ಮೇಲೆ ಪುರೋಹಿತರು ವಧೂವರರನ್ನು ಛತ್ರದ ಬಾಗಿಲಿಗೆ ಕರೆತಂದು, ಸುಡುಬಿಸಿಲಿನ ಆಕಾಶದತ್ತ ಕೈ ತೋರಿಸಿ, ಅಗೋ ಅರುಂಧತಿ, ನಮಸ್ಕಾರ ಮಾಡಿ ಎಂದರು. ಮಕ್ಕಳಿಬ್ಬರೂ ಭಕ್ತಿಯಿಂದ ಕೈಮುಗಿದರು. ಅವರು ಕೈಮುಗಿದ ದಿಕ್ಕಿನಲ್ಲಿ ಎದುರು ಕಟ್ಟಡದ ತಾರಸಿಯ ಮೇಲೆ ಒಂದು ಕಪ್ಪು ನೀರಿನ ಟ್ಯಾಂಕಿತ್ತು.

ಸುಂದರೇಶ ಸುಮ್ಮನಿದ್ದಿದ್ದರೆ ಊಟ ಮಾಡಿ ಮನೆಗೆ ಹೋಗಬಹುದಿತ್ತು. ಆದರೆ ಹಿಂದೊಮ್ಮೆ ವಿಜ್ಞಾನ ಪ್ರದರ್ಶನವೊಂದರಲ್ಲಿ ದೂರದರ್ಶಕದೊಳಗೆ ಕಣ್ಣಿಟ್ಟು ಚಂದ್ರನನ್ನು ನೋಡಿದ್ದ ಅವನು, ಅಂದಿನಿಂದ ಆಕಾಶವೆಲ್ಲ ತನ್ನ ಖಾತೆಗೆ ಸೇರಿದ್ದೆಂದು ಭಾವಿಸಿದ್ದ. ಗಂಟಲು ಸರಿಪಡಿಸಿಕೊಂಡು ಸುತ್ತಲಿದ್ದವರಿಗೆ ವಿವರಿಸಿದ. ಅರುಂಧತಿ ಅಂದರೆ ಸಪ್ತರ್ಷಿಗಳಲ್ಲಿ ವಸಿಷ್ಠನ ಪಕ್ಕಕ್ಕೆ ಅಂಟಿಕೊಂಡಿರುವ ಒಂದು ಪುಟ್ಟ ನಕ್ಷತ್ರ. ಹಗಲಲ್ಲಿ ಅದು ಬ್ರಹ್ಮನಿಗೂ ಕಾಣದು. ಹಗಲಿನ ಮಾತಿರಲಿ, ಮೈಸೂರಿನ ಈ ದೀಪಗಳ ಹಾವಳಿಯಲ್ಲಿ ರಾತ್ರಿಯೂ ಕಾಣದು. ಈ ಮಕ್ಕಳು ಈಗ ನಮಸ್ಕರಿಸಿದ್ದು ನೀರಿನ ಟ್ಯಾಂಕಿಗೆ. ಸುತ್ತಲಿದ್ದವರು ನಕ್ಕರು. ಪುರೋಹಿತರೂ ಮುಜುಗರದಿಂದ ನಕ್ಕರು. ನಗದೆ ಇದ್ದವರು ಒಬ್ಬರೇ. ಅವರು ಅಭಿನವನ ಅಜ್ಜಿ, ಪುಟ್ಟಲಕ್ಷ್ಮಮ್ಮನವರು.

ಪುಟ್ಟಲಕ್ಷ್ಮಮ್ಮನವರು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಬರೆಯದ ಉತ್ತರಕ್ಕೆ ಅವರು ಜೀವಮಾನದಲ್ಲಿ ಅಂಕ ಕೊಟ್ಟವರಲ್ಲ. ಅವರು ಪುರೋಹಿತರನ್ನು ಹತ್ತಿರ ಕರೆದು, ಇವರು ಹೇಳುತ್ತಿರುವುದು ನಿಜವೇ ಎಂದು ಕೇಳಿದರು. ಪುರೋಹಿತರು ಅದು ಸಂಪ್ರದಾಯ, ಭಾವನೆ ಮುಖ್ಯ ಎಂದು ಏನೇನೋ ಹೇಳಿದರು. ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡು ಹೇಳಿದರು:

"ಅಂದ್ರೆ ನೋಡದೆ ಇರೋದನ್ನ ನೋಡಿದ್ವಿ ಅಂತ ಅಗ್ನಿಸಾಕ್ಷಿಯಾಗಿ ಹೇಳಿಸ್ಬಿಟ್ಟಿದೀರಿ. ಮಕ್ಕಳ ಸಂಸಾರ ಸುಳ್ಳಿನಿಂದ ಶುರುವಾಗೋದು ಬೇಡ. ನಿಜವಾದ ಅರುಂಧತಿ ನೋಡ್ಲಿ, ಆಮೇಲೆ ಮನೆ ತುಂಬಿಸ್ಕೊಳ್ತೀನಿ."

ತೋರಿಸುವವರು ಯಾರು ಎಂದು ಯಾರೋ ಪಿಸುಗುಟ್ಟಿದರು. ಗೊತ್ತಿರುವವರೇ ತೋರಿಸಲಿ ಎಂದು ಅಜ್ಜಿ ಸುಂದರೇಶನ ಕಡೆ ತಿರುಗಿದರು. ಇಡೀ ಛತ್ರ ತಿರುಗಿತು.

ಲಹರಿಯ ಅಪ್ಪ ಸುಂದರೇಶನ ಎರಡೂ ಕೈ ಹಿಡಿದು, ಭಾವ, ಇದು ನಿಮ್ಮ ಬಾಯಿಂದ ಬಂದದ್ದು, ನೀವೇ ದಡ ಸೇರಿಸಬೇಕು ಎಂದು ಹೇಳಿ, ಮದುಮಗಳನ್ನೂ ಅವಳ ಸೂಟ್‌ಕೇಸುಗಳನ್ನೂ ತಂಗಿಯ ಮನೆಯಲ್ಲಿ ಇಳಿಸಿ ಹಾಸನಕ್ಕೆ ಹೊರಟುಹೋದರು. ಹೀಗೆ ಕೈಯ ಮೆಹಂದಿ ಇನ್ನೂ ಮಾಸದ ಹುಡುಗಿ ಗಂಡನ ಮನೆಗೆ ಹೋಗುವ ಬದಲು ಸೋದರತ್ತೆಯ ಮನೆಗೆ ಬಂದು ಕೂತಳು. ಅಭಿನವ ದಿನಾ ಸಂಜೆ ಕಾಲೇಜಿನಲ್ಲಿ ಪಾಠ ಮುಗಿಸಿ ಬರುವನು. ದಪ್ಪ ಕನ್ನಡಕದೊಳಗಿಂದ ಹೆಂಡತಿಯನ್ನು ನೋಡುತ್ತ, ನಡುಮನೆಯಲ್ಲಿ ಎಲ್ಲರೆದುರು ಕಾಫಿ ಕುಡಿದು, ಅಜ್ಜಿಗೆ ಹೆದರಿ ಎಂಟಕ್ಕೆ ಮುಂಚೆ ಎದ್ದುಹೋಗುವನು. ಅವನು ಹೋದ ಮೇಲೆ ಲಹರಿ ಮಾವನ ಮುಂದೆ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಡುವಳು. ಬೀದಿಯವರು ಮೊದಲು ವರದಕ್ಷಿಣೆ ತಕರಾರೆಂದುಕೊಂಡರು. ನಕ್ಷತ್ರದ ತಕರಾರೆಂದು ತಿಳಿದ ಮೇಲೆ ಜಾತಕ ಕೂಡಿಬಂದಿಲ್ಲವೆಂದು ತೀರ್ಮಾನಿಸಿ, ಶಾರದೆಯನ್ನು ತರಕಾರಿ ಗಾಡಿಯ ಬಳಿ ತಡೆದು ಸಮಾಧಾನ ಹೇಳತೊಡಗಿದರು.

ಸುಂದರೇಶ ಮೊದಲು ತನ್ನ ತಾರಸಿಯಲ್ಲೇ ಪ್ರಯತ್ನಿಸಿದ. ಮೆಟ್ಟಿಲ ಮೇಲೆ ಶಾರದೆಯನ್ನು ಕೂರಿಸಿ, ನಿಮಿಷಕ್ಕೊಮ್ಮೆ ಇದೀಯಾ ಎಂದು ಕೇಳುತ್ತ ಆಕಾಶ ಹುಡುಕಿದ. ಮೂರು ನಕ್ಷತ್ರ ಸಿಕ್ಕಿದವು. ಅದರಲ್ಲಿ ಒಂದು ಮಿನುಗುತ್ತ ಬೆಂಗಳೂರಿನ ಕಡೆಗೆ ಹೊರಟುಹೋಯಿತು. ಪಕ್ಕದ ಮನೆಯ ಮಾಧವರಾಯರು ಕಳ್ಳರಿಗೆ ಹೆದರಿ ಹಾಕಿಸಿದ್ದ ದೊಡ್ಡ ದೀಪವೊಂದು ಸುಂದರೇಶನ ಕಣ್ಣಿಗೇ ನೇರವಾಗಿ ಹೊಡೆಯುತ್ತಿತ್ತು. ಅದನ್ನು ಒಂದು ಗಂಟೆ ಆರಿಸುತ್ತೀರಾ ಎಂದು ಅವನು ಕಾಂಪೌಂಡಿನ ಮೇಲಿಂದ ಕೇಳಿಕೊಂಡ. ದೀಪ ಆರಿಸಿ ಏನು ಮಾಡುತ್ತೀರಿ ಎಂದು ಮಾಧವರಾಯರು ಕೇಳಿದರು. ಏನೂ ಇಲ್ಲ, ಸುಮ್ಮನೆ ಕತ್ತಲೆ ಬೇಕಾಗಿತ್ತು ಎಂದ ಸುಂದರೇಶ. ಮಾರನೆಯ ದಿನ ಮಾಧವರಾಯರು ಇನ್ನೊಂದು ದೀಪ ಹಾಕಿಸಿದರು.

ಆಮೇಲೆ ಒಂದು ಸಂಜೆ ಅಭಿನವನ ಕಾರಿನಲ್ಲಿ ನಂಜನಗೂಡಿನ ಕಡೆ ಹೋಗಿ ನೋಡಿದರು. ಗದ್ದೆಯ ಬದಿಯಲ್ಲಿ ನಿಂತಾಗ ದಕ್ಷಿಣದ ಆಕಾಶವೇನೋ ನಕ್ಷತ್ರಗಳಿಂದ ಗಿಜಿಗುಟ್ಟುತ್ತಿತ್ತು. ಆದರೆ ಸಪ್ತರ್ಷಿಗಳು ಇರುವುದು ಉತ್ತರಕ್ಕೆ. ಉತ್ತರಕ್ಕೆ ತಿರುಗಿದರೆ ಇಡೀ ಮೈಸೂರು ಬೆಟ್ಟದ ಹಿಂದೆ ಒಲೆ ಹೊತ್ತಿಸಿಟ್ಟಂತೆ ಕೆಂಪಗೆ ಮೇಲೆದ್ದಿತ್ತು. ಋಷಿಗಳು ಏಳೂ ಜನ ಅದರಲ್ಲಿ ಮುಳುಗಿಹೋಗಿದ್ದರು. ಊರು ಬೆನ್ನ ಹಿಂದೆ ಇರುವಂಥ ಜಾಗ ಬೇಕು ಎಂಬುದು ಸುಂದರೇಶನಿಗೆ ಅಂದು ತಿಳಿಯಿತು. ತಿಳಿದ ಕೂಡಲೇ ಅವನು ಕಾರಿನೊಳಗೆ ಕೂತು ಎಲ್ಲ ಬಾಗಿಲಿನ ಲಾಕ್ ಒತ್ತಿದ.

ಯಾಕೆಂದರೆ ಅದು ಚಿರತೆಗಳ ಕಾಲ. ದಿನಾ ಪೇಪರಿನಲ್ಲಿ ಚಿರತೆಯಿರುತ್ತಿತ್ತು. ಹೊಸ ಬಡಾವಣೆಯ ಖಾಲಿ ಸೈಟಿನಲ್ಲಿ, ಯಾವುದೋ ಕಾರ್ಖಾನೆಯ ಕಾಂಪೌಂಡಿನಲ್ಲಿ, ಕಬ್ಬಿನ ಗದ್ದೆಯಲ್ಲಿ. ಸುಂದರೇಶ ಆ ಸುದ್ದಿಗಳನ್ನು ತಿಂಡಿ ತಿನ್ನುವಾಗ ಗಟ್ಟಿಯಾಗಿ ಓದುವನು. ಚಿರತೆಯ ಕೂಗು ಹುಲಿಯದರ ಹಾಗಲ್ಲ, ಮರಕ್ಕೆ ಗರಗಸ ಎಳೆದಂತಿರುತ್ತದೆ ಎಂದು ಓದಿದ ದಿನದಿಂದ ಬೀದಿಯ ಕೊನೆಯ ಬಡಗಿ ಅಂಗಡಿಯ ಮುಂದೆ ನಡೆಯುವುದನ್ನೇ ಬಿಟ್ಟಿದ್ದ.

ಇತ್ತ ಪುರೋಹಿತರು ಪಂಚಾಂಗ ನೋಡಿ ಇನ್ನೊಂದು ಬಾಂಬು ಹಾಕಿದರು. ಚಂದ್ರನಿಲ್ಲದ ರಾತ್ರಿ ಎಂದರೆ ಬರುವ ಅಮಾವಾಸ್ಯೆಯೇ. ಅದು ತಪ್ಪಿದರೆ ಮುಂಗಾರಿನ ಮೋಡ. ಮೋಡದ ಹಿಂದೆಯೇ ಆಷಾಢ. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರುವಂತಿಲ್ಲ. ಆಕಾಶ ಮತ್ತೆ ತಿಳಿಯಾಗುವುದು ದಸರೆ ಕಳೆದು. ಅಷ್ಟರಲ್ಲಿ ಸಪ್ತರ್ಷಿಗಳು ಸಂಜೆಯ ಆಕಾಶದಿಂದಲೇ ಜಾರಿರುತ್ತಾರೆ. ಇದನ್ನು ಕೇಳಿದ ಲಹರಿ ಅಡುಗೆಮನೆಗೆ ಹೋಗಿ ಅತ್ತಳು. ಶಾರದೆ ಗಂಡನೊಂದಿಗೆ ಎರಡು ದಿನ ಮಾತು ಬಿಟ್ಟಳು. ಮಾತು ಬಿಟ್ಟಿದ್ದು ಅವನಿಗೆ ಅಷ್ಟು ಬಾಧಿಸಲಿಲ್ಲ. ಆ ಎರಡು ದಿನವೂ ಅವಳು ಜೀರೋ ಬಲ್ಬು ಹಾಕದೆ ಮಲಗಿದ್ದು ಬಾಧಿಸಿತು.

ಆಗ ಬ್ಯಾಂಕಿನಲ್ಲಿ ಪಕ್ಕದ ಮೇಜಿನ ರಾಜೇಶ ನೆರವಿಗೆ ಬಂದ. ಅವನ ಸೋದರಮಾವ ಸಣ್ಣಮಾದಯ್ಯನ ಊರು ಹುಣಸೂರು ರಸ್ತೆಯಲ್ಲಿ ಇಲವಾಲ ದಾಟಿ ಒಳಕ್ಕೆ, ಕಟ್ಟೆಕೊಪ್ಪಲು. ಊರಾಚೆ ನೀರಿನ ಕಟ್ಟೆಯ ಹಿಂದೆ ಮಾವನ ಹೊಲ. ಉತ್ತರಕ್ಕೆ ದೀಪವೇ ಇಲ್ಲ. "ಕತ್ಲೆ ಎಷ್ಟು ಬೇಕು ಸಾರ್ ನಿಮ್ಗೆ? ಕೈ ಮುಂದಿಟ್ರೆ ಕೈ ಕಾಣಲ್ಲ," ಎಂದ ರಾಜೇಶ ಉತ್ಸಾಹದಿಂದ. ಸುಂದರೇಶ ತಲೆಯ ಮೇಲಿನ ಟ್ಯೂಬ್‌ಲೈಟನ್ನೊಮ್ಮೆ ನೋಡಿಕೊಂಡ. ಆದರೂ ಸಂತೋಷವೆಂದು ಹೇಳಿದ. ಕಟ್ಟೆಯ ಮೇಲೆ ಪಂಚಾಯಿತಿಯವರು ಹಾಕಿಸಿದ ಒಂದು ದೀಪವಿದೆ, ಅದೊಂದೇ ತೊಂದರೆ ಎಂದ ರಾಜೇಶ. ಅದನ್ನು ಸ್ವಲ್ಪ ಹೊತ್ತು ಆರಿಸುವಂತೆ ಮಾವನಿಗೆ ಹೇಳಪ್ಪ ಎಂದು ಸುಂದರೇಶ ಕೇಳಿಕೊಂಡ.

ರಾಜೇಶ ಮಾವನಿಗೆ ಫೋನು ಮಾಡಿದ. ಅವನು ಹೇಳಿದ್ದು ಸರಳವಾಗಿತ್ತು: ಅಮಾವಾಸ್ಯೆ ದಿನ ಸಂಜೆ ಕತ್ತಲಾದ ಮೇಲೆ ನಕ್ಷತ್ರ ನೋಡುವವರು ಮೈಸೂರಿಂದ ನಮ್ಮ ಬ್ಯಾಂಕಿನ ಸಾಹೇಬರ ಜೊತೆ ನಮ್ಮ ಹೊಲಕ್ಕೆ ಬರುತ್ತಾರೆ, ಜೊತೆಗೆ ಹೊಸದಾಗಿ ಮದುವೆಯಾದ ಗಂಡು ಹೆಣ್ಣು ಇರುತ್ತಾರೆ, ಪುರೋಹಿತರಿರುತ್ತಾರೆ, ಕಟ್ಟೆಯ ದೀಪ ಆರಿಸಿಬಿಡು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಕಟ್ಟೆಕೊಪ್ಪಲಿನಲ್ಲಿ ನಕ್ಷತ್ರ ನೋಡುವವರೆಂದರೆ ಜಾತಕದಲ್ಲಿ ನಕ್ಷತ್ರ ನೋಡಿ ಶಾಸ್ತ್ರ ಹೇಳುವವರು ಮಾತ್ರ. ಶಾಸ್ತ್ರದವರು ಅಮಾವಾಸ್ಯೆ ರಾತ್ರಿ, ದೀಪ ಆರಿಸಿ, ಪುರೋಹಿತನನ್ನೂ ಹೊಸ ಜೋಡಿಯನ್ನೂ ಕಟ್ಟಿಕೊಂಡು ಹೊಲಕ್ಕೆ ಏಕೆ ಬರುತ್ತಾರೆ? ಹಿಂದಿನ ವರ್ಷ ಯಾರೋ ಗೊತ್ತಿಲ್ಲದವರು ಇಂಥದೇ ರಾತ್ರಿ ಬಂದು ಊರ ಮಾರಿಗುಡಿಯ ಹಿಂದೆ ಆಳುದ್ದ ಗುಂಡಿ ತೆಗೆದು, ಕುಯ್ದ ನಿಂಬೆಹಣ್ಣುಗಳನ್ನು ಬಿಟ್ಟು ಹೋಗಿದ್ದರು. ಸಣ್ಣಮಾದಯ್ಯ ಫೋನಿಟ್ಟು ಹೆಂಡತಿ ದೇವಿರಮ್ಮನಿಗೆ ಹೇಳಿದ: ನಮ್ಮ ಹೊಲದಲ್ಲಿ ನಿಧಿ ಐತೆ, ತೆಗೆಯೋಕೆ ಬತ್ತಾವ್ರೆ, ಗಂಡು ಹೆಣ್ಣನ್ನ ಬಲಿ ಕೊಡೋಕೂ ತತ್ತಾವ್ರೆ.

ದೇವಿರಮ್ಮ ಪೊಲೀಸಿಗೆ ಹೇಳೋಣವೆಂದಳು. ಅಳಿಯ ರಾಜೇಶ ಕೆಲಸ ಮಾಡುವ ಬ್ಯಾಂಕಿನ ಸಾಹೇಬರು, ಕಣ್ಣಾರೆ ನೋಡದೆ ಹೇಳಿದರೆ ಅವನಿಗೆ ತೊಂದರೆ ಎಂದ ಸಣ್ಣಮಾದಯ್ಯ. ಕೊನೆಗೆ ದೀಪ ಆರಿಸುವುದು, ಊರಿನ ಹತ್ತಾರು ಜನ ಲಂಟಾನ ಪೊದೆಯ ಹಿಂದೆ ಅಡಗಿ ಕೂರುವುದು, ಅಗೆಯಲು ಶುರುಮಾಡಿದ ಕೂಡಲೇ ಹಿಡಿಯುವುದು ಎಂದು ತೀರ್ಮಾನವಾಯಿತು.

ಅಮಾವಾಸ್ಯೆ ಬಂತು. ಆಕಾಶ ತೊಳೆದಿಟ್ಟ ಬಾಣಲೆಯಂತೆ ಸ್ವಚ್ಛವಾಗಿತ್ತು. ಮೋಡ ಬರಲೆಂದು ಒಳಗೊಳಗೇ ಹರಕೆ ಹೊತ್ತಿದ್ದ ಸುಂದರೇಶ ಅದನ್ನು ನೋಡಿ ನಿಟ್ಟುಸಿರಿಟ್ಟ. ಅಭಿನವನ ಕಾರಿನ ಹಿಂದಿನ ಸೀಟಿನಲ್ಲಿ ಪುರೋಹಿತರು ತಮ್ಮ ಅರಿಶಿನ ಕುಂಕುಮದ ಚೀಲದೊಂದಿಗೆ ಕೂತರು. ಸಂಜೆ ಅಂಗಡಿಯೊಂದರ ಅಮಾವಾಸ್ಯೆ ಪೂಜೆ ತಪ್ಪಿಹೋಗಿದ್ದರಿಂದ ಅವರು ಯಾರೊಂದಿಗೂ ಮಾತಾಡಲಿಲ್ಲ. ಪರೀಕ್ಷೆ ತಮ್ಮ ಎದುರಿಗೇ ನಡೆಯಬೇಕೆಂದು ಅಜ್ಜಿ ಮುಂದಿನ ಸೀಟಿನಲ್ಲಿ ಕೂತರು. ಲಹರಿ ಅವರ ಆಜ್ಞೆಯಂತೆ ಧಾರೆ ಸೀರೆಯನ್ನೇ ಉಟ್ಟಿದ್ದಳು. ಶಾರದೆ ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದಳು. ಸುಂದರೇಶ ಚಿರತೆಗೆಂದು ಮನೆಯಲ್ಲಿದ್ದ ಒಂದೇ ಆಯುಧವನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಂದಿದ್ದ. ಅದು ತೆಂಗಿನ ಗಿಡ ನೆಡಲು ಕೊಂಡಿದ್ದ ಹಾರೆ.

ಕಟ್ಟೆಯ ಈಚೆ ಕಾರು ನಿಂತಿತು. ದೀಪವಿರಲಿಲ್ಲ. ಸುಂದರೇಶ ಇಂಟರ್‌ನೆಟ್ಟಿನಲ್ಲಿ ಓದಿ ಬಂದಿದ್ದ: ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆಯಾದರೂ ಬೇಕು, ನಡುವೆ ಯಾರಾದರೂ ಒಮ್ಮೆ ಮೊಬೈಲು ಬೆಳಗಿಸಿದರೂ ಮತ್ತೆ ಮೊದಲಿಂದ ಶುರು. ಇದನ್ನು ಕೇಳಿ ಅಜ್ಜಿ ಪರೀಕ್ಷಾ ಕೊಠಡಿಯಲ್ಲಿ ಚೀಟಿ ಕಸಿದಂತೆ ಎಲ್ಲರ ಮೊಬೈಲನ್ನೂ ಕಿತ್ತುಕೊಂಡು ಕಾರಿನಲ್ಲಿ ಹಾಕಿ ಬೀಗ ಹಾಕಿಸಿದರು. ತನ್ನದನ್ನು ಕೊಡುವಾಗ ಸುಂದರೇಶನ ಕೈ ಸ್ವಲ್ಪ ಹೊತ್ತು ಬಿಡಲಿಲ್ಲ.

ಸಾಲಾಗಿ ಒಬ್ಬರ ಸೆರಗು ಒಬ್ಬರು ಹಿಡಿದು ಕಟ್ಟೆಯ ಏರಿ ದಾಟಿ ಹೊಲಕ್ಕಿಳಿದರು. ರಾಜೇಶ ಹೇಳಿದ್ದು ನಿಜವಾಗಿತ್ತು. ಕೈ ಮುಂದಿಟ್ಟರೆ ಕೈ ಕಾಣಲಿಲ್ಲ. ಸುಂದರೇಶ ಕಣ್ಣು ಮುಚ್ಚಿಕೊಂಡ. ಮುಚ್ಚಿದರೂ ತೆರೆದರೂ ಒಂದೇ ಆದ್ದರಿಂದ, ಮುಚ್ಚಿಕೊಂಡರೆ ಕನಿಷ್ಠ ಕತ್ತಲೆ ತನ್ನದೇ ಎನ್ನುವ ಧೈರ್ಯವಿರುತ್ತದೆಂದು ಅವನ ಲೆಕ್ಕ. ಉತ್ತರ ಯಾವ ಕಡೆ ಎಂದು ಅಜ್ಜಿ ಕೇಳಿದಾಗ ಕಣ್ಣು ಮುಚ್ಚಿಕೊಂಡೇ ಒಂದು ದಿಕ್ಕಿಗೆ ಕೈ ತೋರಿಸಿದ. ಕತ್ತಲೆಯಲ್ಲಿ ಅದು ಯಾರಿಗೂ ಕಾಣಲಿಲ್ಲವಾದ್ದರಿಂದ ತಪ್ಪೂ ಆಗಲಿಲ್ಲ.

ಪೊದೆಯ ಹಿಂದೆ ಕೂತವರಿಗೆ ಇಷ್ಟು ತಿಳಿಯಿತು: ಒಂದಷ್ಟು ಜನ ಬಂದಿದ್ದಾರೆ, ರೇಷ್ಮೆ ಸೀರೆಯ ಸರಬರ, ಬಳೆಯ ಸದ್ದು. ಆಮೇಲೆ ಸುಂದರೇಶನ ಬೆವರಿದ ಕೈಯಿಂದ ಹಾರೆ ಜಾರಿ ಕಲ್ಲಿನ ಮೇಲೆ ಠಣ್ ಎಂದು ಬಿತ್ತು. ಅದು ಹಾರೆಯ ಸದ್ದೆಂದು ರೈತಾಪಿ ಜನಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದರ ಬೆನ್ನಿಗೇ ಪುರೋಹಿತರು, ಬಂದ ಕೆಲಸ ಬೇಗ ಮುಗಿಯಲೆಂದು, ಮಂತ್ರ ಶುರುಮಾಡಿದರು. ಯಾರೋ ಹುಡುಗಿ ಮೂಗು ಸೇದಿದ ಸದ್ದು ಕೇಳಿಸಿತು. ಲಹರಿಗೆ ನೆಗಡಿಯಾಗಿತ್ತು. ದೇವಿರಮ್ಮ ಅದನ್ನು ಅಳುವೆಂದುಕೊಂಡು ಎದೆಯ ಮೇಲೆ ಕೈಯಿಟ್ಟುಕೊಂಡಳು.

ಸಣ್ಣಮಾದಯ್ಯನಿಗೆ ಗೂರಲಿತ್ತು. ಹೆದರಿದರೆ ಜಾಸ್ತಿಯಾಗುತ್ತಿತ್ತು. ಎಷ್ಟು ಹತ್ತಿಕ್ಕಿದರೂ ಅವನ ಎದೆಯಿಂದ ಉಸಿರು ಕರ್ರ್, ಕರ್ರ್ ಎಂದು ಒಳಗೆ ಹೊರಗೆ ಎಳೆಯತೊಡಗಿತು.

ಸುಂದರೇಶ ಅದನ್ನು ಕೇಳಿದ. ಮರಕ್ಕೆ ಗರಗಸ ಎಳೆದಂತೆ. ಒಮ್ಮೆ ಇತ್ತ, ಒಮ್ಮೆ ಅತ್ತ. ಶಾರದೆಯ ಕಿವಿಗೆ ಹೇಳಬೇಕೆಂದು ಬಾಯಿ ತೆರೆದ. ಆದರೆ ಹತ್ತಿರವಿದ್ದದ್ದು ಪುರೋಹಿತರ ಕಿವಿ, ಮತ್ತು ಬಂದದ್ದು ಪಿಸುಮಾತಲ್ಲ.

"ಚಿರತೆ!"

ಪುರೋಹಿತರ ಮಂತ್ರ ಅರ್ಧಕ್ಕೆ ನಿಂತಿತು. ಆದರೆ ಹೆಚ್ಚು ಹೆದರಿದವರು ಪೊದೆಯ ಹಿಂದಿನವರು. ಆ ತಿಂಗಳಲ್ಲೇ ಊರಿನ ಎರಡು ಮೇಕೆಗಳನ್ನು ಚಿರತೆ ಹೊತ್ತೊಯ್ದಿತ್ತು. ಪೊದೆಯೆಂದರೆ ಚಿರತೆ ಇರುವ ಜಾಗವೆಂದು ಅವರಿಗೆ ಗೊತ್ತಿತ್ತು, ತಾವು ಕೂತಿರುವುದು ಪೊದೆಯಲ್ಲೇ ಎಂಬುದೂ ಗೊತ್ತಿತ್ತು. ಹತ್ತಾರು ಜನ ಒಟ್ಟಿಗೆ ಪೊದೆ ಹರಿದುಕೊಂಡು ಹೊಲದ ನಡುವಿಗೆ ನುಗ್ಗಿದರು. ಮೈಸೂರಿನವರಿಗೆ ಪೊದೆಯಿಂದ ಏನೋ ದೊಡ್ಡದು, ಹಲವು ಕಾಲುಗಳದ್ದು, ತಮ್ಮ ಮೇಲೆ ಬೀಳುತ್ತಿದೆಯೆಂದು ಮಾತ್ರ ತಿಳಿಯಿತು. ಯಾರು ಯಾರನ್ನು ಹಿಡಿದುಕೊಂಡರೋ ದೇವರಿಗೇ ಗೊತ್ತು. ಅಭಿನವನ ಕನ್ನಡಕ ಹಾರಿಹೋಯಿತು. ಚಿತ್ರಾನ್ನದ ಡಬ್ಬಿ ಉರುಳಿತು. ಸುಂದರೇಶನ ಕುತ್ತಿಗೆಗೆ ಯಾರೋ ಒರಟು ಕಂಬಳಿಯವರು ಜೋತುಬಿದ್ದರು. ಕಂಬಳಿ ತಾಗಿದ್ದನ್ನು ಚಿರತೆಯ ಮೈಯೆಂದೇ ತಿಳಿದು, ಅವನು ಕಣ್ಣನ್ನು ಇನ್ನಷ್ಟು ಬಿಗಿದು ಮುಚ್ಚಿ, ತನ್ನ ಜೀವನ ಇಷ್ಟಕ್ಕೇ ಮುಗಿಯಿತೆಂದು ನಿಂತುಬಿಟ್ಟ.

ಹೊಲದ ನಡುವೆ ಎಲ್ಲರೂ ಬೆನ್ನಿಗೆ ಬೆನ್ನು ಕೊಟ್ಟು ಒಂದು ಗುಂಪಾಗಿ ನಿಂತರು. ಚಿರತೆ ಗುಂಪಿನ ಮೇಲೆ ಬೀಳುವುದಿಲ್ಲವೆಂದು ಎರಡೂ ಕಡೆಯವರು ಕೇಳಿದ್ದರು. ಹಳ್ಳಿಯವರ ಕೈಯಲ್ಲಿದ್ದ ಬ್ಯಾಟರಿ ಗಲಾಟೆಯಲ್ಲಿ ಎಲ್ಲೋ ಬಿದ್ದಿತ್ತು. ಹುಡುಕಲು ಬಗ್ಗುವ ಧೈರ್ಯ ಯಾರಿಗೂ ಇರಲಿಲ್ಲ. ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ಉಸಿರುಗಳ ನಡುವೆ ಕರ್ರ್, ಕರ್ರ್ ಎಂಬುದು ಈಗ ಗುಂಪಿನ ಒಳಗಿಂದಲೇ ಬರುತ್ತಿತ್ತು.

ಕೊನೆಗೆ ಮಾತಾಡಿದವರು ಪುಟ್ಟಲಕ್ಷ್ಮಮ್ಮನವರು. ಅದು ಅಸೆಂಬ್ಲಿಯಲ್ಲಿ ನಿಂತು ಕೇಳುವ ದನಿಯೇ.

"ನನ್ನ ಎಡಗೈ ಹಿಡ್ಕೊಂಡಿರೋರು ಯಾರು?"

"ನಾನು ಕಣವ್ವ, ದೇವಿರಮ್ಮ. ಸಣ್ಣಮಾದಯ್ಯನ ಎಂಡ್ತಿ."

"ನೀವ್ಯಾಕೆ ಇಲ್ಲಿದೀರಿ?"

ದೇವಿರಮ್ಮ, ಚಿರತೆಯ ಮುಂದೆ ಮುಚ್ಚುಮರೆ ಯಾಕೆಂದುಕೊಂಡಳೋ ಏನೋ, ಎಲ್ಲ ಹೇಳಿಬಿಟ್ಟಳು. ನಿಧಿ ಬೇಕಾದರೆ ತೆಗೆದುಕೊಂಡು ಹೋಗಿ, ನಮಗೆ ಅದರ ಆಸೆಯಿಲ್ಲ, ಆದರೆ ಆ ಹುಡುಗ ಹುಡುಗಿಯನ್ನು ಮಾತ್ರ ಏನೂ ಮಾಡಬೇಡಿ, ಬಾಳಿ ಬದುಕಬೇಕಾದ ಮಕ್ಕಳು ಎಂದು ಅಜ್ಜಿಯ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

ಯಾವ ನಿಧಿ ಎಂದು ಅಜ್ಜಿ ಕೇಳಿದರು.

"ನಕ್ಷತ್ರ ನೋಡೋರು ಅಂದ್ರಲ್ಲವ್ವ, ನಮ್ ರಾಜೇಸ," ಎಂದ ಸಣ್ಣಮಾದಯ್ಯ ಗೂರಲಿನ ನಡುವೆ.

"ನಕ್ಷತ್ರ ನೋಡೋದು ಅಂದ್ರೆ ಮೇಲೆ ನೋಡೋದು ಕಣಪ್ಪ. ಆಕಾಶದಲ್ಲಿ."

"ಮ್ಯಾಲೇನೈತೆ?"

ಎಲ್ಲರೂ ಒಟ್ಟಿಗೆ ತಲೆಯೆತ್ತಿದರು. ಹೆದರಿಕೊಂಡು ಅಷ್ಟು ಹೊತ್ತು ಕತ್ತಲೆಯಲ್ಲಿ ಅಲುಗದೆ ನಿಂತದ್ದರಿಂದ ಅವರ ಕಣ್ಣುಗಳು ಇಂಟರ್‌ನೆಟ್ಟಿನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿಯೇ ಒಗ್ಗಿದ್ದವು. ಗುಂಪಿನಲ್ಲಿ ಯಾರೋ ನಿಧಾನವಾಗಿ, ಅಯ್ಯೋ ಶಿವನೇ ಎಂದರು. ದಿನಾ ಅದೇ ಹೊಲಕ್ಕೆ ಬರುವವರೇ ಇರಬೇಕು. ಅವರೂ ಈಗೀಗ ಕತ್ತಲಾದ ಮೇಲೆ ಬ್ಯಾಟರಿಯ ಬೆಳಕಿನಲ್ಲಿ ನೆಲ ನೋಡುತ್ತ ನಡೆಯುವವರೇ ಹೊರತು ಮೇಲೆ ನೋಡಿ ಬಹಳ ದಿನವಾಗಿತ್ತು.

ಲಹರಿ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಳು. ನಾಲ್ಕು ನಕ್ಷತ್ರದ ಮಂಚ, ಮೂರು ನಕ್ಷತ್ರದ ಬಾಲ. ಬಾಲದ ನಡುವಿನದರ ಪಕ್ಕದಲ್ಲಿ, ಅಂಟಿಯೂ ಅಂಟದಂತೆ, ಒಂದು ಸಣ್ಣ ಚುಕ್ಕೆ. ಅವಳು ಕೈಗೆ ಸಿಕ್ಕ ಗಲ್ಲವೊಂದನ್ನು ಹಿಡಿದು ಆ ಕಡೆ ತಿರುಗಿಸಿದಳು. ಅದು ಅದೃಷ್ಟವಶಾತ್ ಅಭಿನವನದೇ ಆಗಿತ್ತು. ಪುರೋಹಿತರೂ ಆ ಕಡೆ ನೋಡಿದರು. ನೂರಾರು ಜೋಡಿಗಳಿಗೆ ತೋರಿಸಿದ ಅರುಂಧತಿಯನ್ನು ಅವರೂ ನೋಡುತ್ತಿದ್ದುದು ಅದೇ ಮೊದಲು. ಆಮೇಲೆ ಯಾರೂ ಹೇಳದೆಯೇ ಮಂತ್ರವನ್ನು ಮೊದಲಿನಿಂದ, ನಿಧಾನವಾಗಿ, ಸ್ವರ ತಪ್ಪದೆ ಹೇಳಿದರು.

ಮಂತ್ರ ಮುಗಿದಾಗ ಗುಂಪಿನೊಳಗಿನ ಗರಗಸ ಮತ್ತೆ ಕೇಳಿಸಿತು. ಇದು ಯಾವ ಸದ್ದೆಂದು ಶಾರದೆ ಕೇಳಿದಳು. ನಮ್ಮೆಜಮಾನ್ರ ಗೂರಲು ಕಣಮ್ಮ, ಹೊತ್ತಿಗೆ ಸರಿಯಾಗಿ ಔಷಧಿ ತಗಳ್ಳಕ್ಕಿಲ್ಲ ಎಂದಳು ದೇವಿರಮ್ಮ. ಮೊದಲು ಲಹರಿ ನಕ್ಕಳು. ಮದುವೆಯ ದಿನದಿಂದ ಅವಳು ನಕ್ಕದ್ದು ಅದೇ ಮೊದಲು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ಸಣ್ಣಮಾದಯ್ಯ ನಕ್ಕಾಗ ಗರಗಸ ಇನ್ನೂ ಜೋರಾಯಿತು.

ಅಜ್ಜಿ ಮಾತ್ರ ಕೆಲಸ ಮುಗಿಸಿರಲಿಲ್ಲ. ಅವರ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಮೇಲೆ ಅವರಿಗೆ ಕಂಡದ್ದು ಬರೀ ಮಂಜು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. ನೇರವಾಗಿ ಹಾಜರಿ ಕರೆದರು.

"ಲಹರಿ?"

"ಕಂಡ್ತು ಅಜ್ಜಿ."

"ಅಭಿನವ?"

ಕನ್ನಡಕವಿಲ್ಲದ ಅಭಿನವನಿಗೆ ಆಕಾಶವೇ ಒಂದು ಬೂದು ಹಾಳೆಯಾಗಿತ್ತು. ಅವನು ತಡವರಿಸಿದ. ಲಹರಿ ಅವನ ಕೈಯನ್ನು ಒಮ್ಮೆ ಹಿಸುಕಿದಳು. ಕಂಡಿತು ಅಜ್ಜಿ, ಎರಡೂ ಕಂಡಿತು ಎಂದ. ಅಜ್ಜಿ ಅದನ್ನು ನಂಬಿದರು. ಶಾರದೆಯನ್ನೂ ಪುರೋಹಿತರನ್ನೂ ಕರೆದು ಮುಗಿಸಿ ಕೊನೆಗೆ, "ಸುಂದರೇಶ?" ಎಂದರು.

"ಹಾಜರ್," ಎಂದ ಸುಂದರೇಶ.

ಗುಂಪಿನಲ್ಲಿ ಮತ್ತೆ ನಗು ಎದ್ದಿತು. ಆದ್ದರಿಂದ ಆ ಉತ್ತರವನ್ನು ಯಾರೂ ಗಮನಿಸಲಿಲ್ಲ. ಶಾರದೆ ಮಾತ್ರ ಗಮನಿಸಿದಳು.

ಊರಿನವರು ಬ್ಯಾಟರಿ ಹುಡುಕಿ ಕಾರಿನವರೆಗೂ ಬಂದು ಬಿಟ್ಟುಹೋದರು. ಅಭಿನವನ ಕನ್ನಡಕವೂ ಸಿಕ್ಕಿತು, ಒಂದು ಕಡ್ಡಿಯಿಲ್ಲದೆ. ಹಾರೆಯನ್ನು ಸಣ್ಣಮಾದಯ್ಯ ತಾನೇ ಹೊತ್ತು ತಂದು ಡಿಕ್ಕಿಯಲ್ಲಿಟ್ಟ, ಇಡುವ ಮುನ್ನ ಒಂದು ಸಲ ಸುಂದರೇಶನನ್ನು ಅನುಮಾನದಿಂದ ನೋಡಿದ. ದೇವಿರಮ್ಮ ಹೊಸ ಸೊಸೆ ಬರಿಗೈಯಲ್ಲಿ ಹೋಗಬಾರದೆಂದು ಮನೆಯಿಂದ ಬಾಳೆಹಣ್ಣಿನ ಚಿಪ್ಪು ತಂದು ಲಹರಿಯ ಮಡಿಲಿಗೆ ಹಾಕಿದಳು. ನಾಳೆ ಬೆಳಗ್ಗೆಯೇ ಮನೆ ತುಂಬಿಸಿಕೊಳ್ಳುವುದೆಂದು ಅಜ್ಜಿ ಅಲ್ಲೇ ಪುರೋಹಿತರಿಂದ ಹೊತ್ತು ಕೇಳಿ ನಿಶ್ಚಯಿಸಿದರು.

ಕಾರು ಊರು ಬಿಟ್ಟು ಮಣ್ಣುರಸ್ತೆಯಲ್ಲಿ ಸ್ವಲ್ಪ ದೂರ ಬಂದಾಗ ಶಾರದೆ ನಿಲ್ಲಿಸು ಎಂದಳು. ದೀಪ ಆರಿಸು ಎಂದಳು. ತಾನಿಳಿದು ಇತ್ತ ಬಂದು ಗಂಡನ ಬಾಗಿಲು ತೆರೆದು, ಇಳಿಯಿರಿ ಎಂದಳು. ಪುರೋಹಿತರು ಆಗಲೇ ಗೊರಕೆ ಹೊಡೆಯುತ್ತಿದ್ದರು. ಅಜ್ಜಿ ಏನೆಂದು ಕೇಳಲು ಬಾಯಿ ತೆರೆದು, ಏನೆನ್ನಿಸಿತೋ, ಮುಖವನ್ನು ಕಿಟಕಿಯ ಆಚೆ ತಿರುಗಿಸಿಕೊಂಡರು.

ಸುಂದರೇಶ ಇಳಿದ. ಶಾರದೆ ಅವನ ಕೈ ಹಿಡಿದು ಕಾರಿನಿಂದ ಸ್ವಲ್ಪ ಆಚೆ ಕರೆದೊಯ್ದಳು.

"ನೀವು ಕಣ್ಣೇ ಬಿಡ್ಲಿಲ್ಲ ಅಲ್ವಾ?"

"ಇಲ್ಲ ಕಣೆ."

"ನಮ್ಮ ಮದುವೇಲೂ ಹಗಲಲ್ಲೇ ತೋರಿಸಿದ್ದು. ಶಾಮಿಯಾನದ ಬಟ್ಟೆ ನೋಡಿ ಕೈಮುಗ್ದಿದೀನಿ ನಾನು. ಇಷ್ಟು ವರ್ಷ ಅದೇ ಅರುಂಧತಿ ಅಂದ್ಕೊಂಡಿದ್ದೆ. ಈಗ ಬಿಡಿ ಕಣ್ಣು."

ಸುಂದರೇಶ ಒಂದು ಕಣ್ಣು ಬಿಟ್ಟ. ಆಮೇಲೆ ಇನ್ನೊಂದು. ಪ್ರದರ್ಶನದಲ್ಲಿ ಕೊಳವೆಯೊಳಗಿಂದ ನೋಡಿದ ಒಂದು ಚಂದ್ರನ ಆಧಾರದ ಮೇಲೆ ಇಡೀ ಆಕಾಶದ ಬಗ್ಗೆ ಭಾಷಣ ಮಾಡಿದವನು, ಅದು ಇಷ್ಟು ದೊಡ್ಡದಿದೆ, ಇಷ್ಟು ಕಿಕ್ಕಿರಿದಿದೆ ಎಂದು ಎಣಿಸಿರಲಿಲ್ಲ. ಶಾರದೆ ಅವನ ತೋರುಬೆರಳನ್ನು ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವಂತೆ, ಮಂಚದಿಂದ ಬಾಲಕ್ಕೆ, ಬಾಲದ ನಡುವಿಗೆ ಎಳೆದಳು. ಮೊದಲು ಒಂದೇ ಕಂಡಿತು. ಆಮೇಲೆ ಪಕ್ಕದಲ್ಲಿದ್ದದ್ದೂ ಕಂಡಿತು.

"ಎರಡಿದೆ ಕಣೆ," ಎಂದ.

ಅಷ್ಟರಲ್ಲಿ ಬೇಲಿಯ ಸಾಲಿನಲ್ಲಿ ಏನೋ ಸರಕ್ಕೆಂದಿತು. 'ಏನದು' ಎಂದು ಶಾರದೆ ಪಿಸುಗುಟ್ಟಿದಳು. ಅವಳ ಬೆರಳುಗಳು ಅವನ ಕೈಯನ್ನು ಬಿಗಿಯಾಗಿ ಹಿಡಿದವು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಹೆದರಿದ್ದನ್ನು ಸುಂದರೇಶ ನೋಡಿರಲಿಲ್ಲ. ಓಡಿಹೋಗಿ ಕಾರಿನಲ್ಲಿ ಕೂರೋಣವೆಂದು ಅವಳು ಎಳೆದಳು.

"ಇರು," ಎಂದ ಅವನು. "ಇನ್ನೊಂದ್ಸಲ ನೋಡ್ಕೊಂಡ್ಬಿಡ್ತೀನಿ."

ಹಾಗೆಂದು ಅವನು ತಲೆಯೆತ್ತಿ ನಿಂತೇ ಇದ್ದ. ನಿಮಿಷಕ್ಕೊಮ್ಮೆ ಮಾತ್ರ, ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದ ಶಾರದೆಯನ್ನು, ಇದೀಯಾ ಎಂದು ಕೇಳುತ್ತಿದ್ದ.